ಬೆಳೆಯ ಹಿಂದೆ ಊರೂರು: ಕಟಾವು ಯಂತ್ರದ ಬಾಡಿಗೆ ಗಂಟೆಗೋ, ಎಕರೆಗೋ, ರಾಶಿಗೋ?

ಎಡದಂಡೆ ಕಾಲುವೆ (ಸಿಂಧನೂರು ತಾಲ್ಲೂಕು):

ಬಲ್ಲವರಲ್ಲಿ ಒಂದು ವಿಚಾರಣೆ. ನಾವು ಅಣ್ಣತಮ್ಮಂದಿರು ಮೂವರು ಸೇರಿ ಹಳೆಯ ಕಟಾವು ಯಂತ್ರವೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇವೆ. ನಮ್ಮ ಭತ್ತ ಮುಗಿದ ಮೇಲೆ ಯಂತ್ರವನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಕೂರುವ ಬದಲು, ಎಲ್ಲಿ ಬೆಳೆ ಮಾಗಿದೆಯೋ ಅಲ್ಲಿಗೆ ಹೋಗಿ ಬಾಡಿಗೆಗೆ ಓಡಿಸಬೇಕೆಂಬ ಆಸೆ. ತಮಿಳುನಾಡಿನವರು ನಮ್ಮ ಕಡೆಗೆ ಬಂದು ಮಾಡುವುದೂ ಇದನ್ನೇ. ಅಮೆರಿಕದಲ್ಲಿ ಗೋಧಿ ಕೊಯ್ಯುವ ತಂಡಗಳು ತಿಂಗಳುಗಟ್ಟಲೆ ದಾರಿಯಲ್ಲೇ ಬದುಕುತ್ತವೆ ಎಂದು ಕೇಳಿದ್ದೇನೆ. ಅವರು ಬಾಡಿಗೆಯನ್ನು ಹೇಗೆ ಗೊತ್ತು ಮಾಡುತ್ತಾರೆ? ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ? ಕೊನೆಗೆ ಕೈಯಲ್ಲಿ ಏನಾದರೂ ಉಳಿಯುತ್ತದೆಯೇ?

ಕೇಳಲು ಕಾರಣವಿದೆ. ಕಳೆದ ಮುಂಗಾರು ಬೆಳೆಗೆ ನಾನು ಗಂಟೆ ಲೆಕ್ಕದಲ್ಲಿ ಯಂತ್ರ ಕರೆಸಿದೆ, ಗಂಟೆಗೆ ಎರಡೂವರೆ ಸಾವಿರದ ಆಸುಪಾಸು. ಆ ಚಾಲಕ ಬದುವಿನ ಹತ್ತಿರ ಯಂತ್ರ ತಿರುಗಿಸುವುದರಲ್ಲೇ ಅರ್ಧ ಬಾಡಿಗೆ ಮುಗಿಸಿದ. ಪಕ್ಕದ ಗದ್ದೆಯವರು ಬುದ್ಧಿವಂತಿಕೆ ಮಾಡಿ ಎಕರೆ ಲೆಕ್ಕದಲ್ಲಿ ಮಾತಾಡಿಕೊಂಡರು. ಯಂತ್ರ ಓಡಿತು, ಕಾಳನ್ನೂ ಹಿಂದೆ ಚೆಲ್ಲುತ್ತಾ ಓಡಿತು. ಕೆಲವೇ ದಿನಗಳಲ್ಲಿ ಉದುರಿದ ಭತ್ತ ಮೊಳೆತು ಅವರ ಗದ್ದೆ ಸಸಿಮಡಿಯ ಹಾಗೆ ಹಸಿರಾಯಿತು. ನಾಳೆ ನಾವೇ ಯಂತ್ರದ ಮಾಲೀಕರಾದರೆ ಇಂಥ ಹೆಸರು ಬರಬಾರದು.

ಗೋಧಿ ಬಯಲು (ಕ್ಯಾನ್ಸಸ್):

ನಿಮ್ಮ ಪ್ರಶ್ನೆ ನನ್ನ ಅನ್ನದ ವಿಷಯವೇ. ಕೃಷಿ ತರಬೇತಿಗೆಂದು ಇಲ್ಲಿಗೆ ಬಂದವನು ಇಡೀ ಒಂದು ಹಂಗಾಮನ್ನು ಇಂಥ ತಂಡದೊಂದಿಗೆ ಕಳೆದೆ. ಈಗ ಬೇಸಾಯ ವಿಜ್ಞಾನ ಓದುತ್ತಿದ್ದೇನೆ. ಮೊದಲು ದಾರಿಯನ್ನು ಹೇಳುತ್ತೇನೆ, ಬಾಡಿಗೆಯ ಮಾತು ಆಮೇಲೆ.

ಇಲ್ಲಿಯದು ಚಳಿಗಾಲದ ಗೋಧಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ; ಪೈರು ಚಳಿಯನ್ನೆಲ್ಲ ನೆಲಕ್ಕೆ ಅಂಟಿಕೊಂಡು ಕಳೆದು ವಸಂತದಲ್ಲಿ ಎದ್ದು ನಿಲ್ಲುತ್ತದೆ. ದಕ್ಷಿಣದಲ್ಲಿ ಮೊದಲು ಮಾಗುತ್ತದೆ, ಉತ್ತರಕ್ಕೆ ಹೋದಂತೆ ತಡವಾಗುತ್ತದೆ. ತಂಡಗಳು ಮೇ ಕೊನೆಯ ಹೊತ್ತಿಗೆ ಟೆಕ್ಸಾಸ್‌ನ ಉತ್ತರ ಅಂಚಿನಲ್ಲಿ, ವಿಚಿಟಾ ಫಾಲ್ಸ್ ಸುತ್ತಮುತ್ತ ಕೊಯ್ಲು ಶುರುಮಾಡುತ್ತವೆ. ಜೂನ್‌ನಲ್ಲಿ ಒಕ್ಲಹೋಮ, ಅದರ ಬೆನ್ನಿಗೇ ಕ್ಯಾನ್ಸಸ್. ಜುಲೈನಲ್ಲಿ ನೆಬ್ರಾಸ್ಕಾ, ಕೊಲೊರಾಡೊ, ದಕ್ಷಿಣ ಡಕೋಟಾ. ಆಗಸ್ಟ್‌ನಲ್ಲಿ ಮೊಂಟಾನಾ, ಉತ್ತರ ಡಕೋಟಾ. ಕೆಲವರು ಗಡಿ ದಾಟಿ ಕೆನಡಾಕ್ಕೂ ಹೋಗುತ್ತಿದ್ದ ಕಾಲವಿತ್ತು. ಗೋಧಿ ಮುಗಿದ ಮೇಲೆ ಹಲವು ತಂಡಗಳು ಜೋಳದ ಮೋರೆ ಬದಲಿಸಿಕೊಂಡು ಮೆಕ್ಕೆಜೋಳ, ಸೋಯಾ ಅವರೆಗೆ ಇಳಿಯುತ್ತವೆ. ಅದು ನವೆಂಬರ್‌ವರೆಗೂ ಎಳೆಯುತ್ತದೆ.

ನಮ್ಮ ತಂಡದಲ್ಲಿದ್ದದ್ದು ನಾಲ್ಕು ಕಂಬೈನ್ (ಕೊಯ್ದು, ಒಕ್ಕಿ, ಕಾಳು ಬೇರ್ಪಡಿಸುವ ಕಟಾವು ಯಂತ್ರ), ಕಾಳು ಸಾಗಿಸುವ ದೊಡ್ಡ ತೊಟ್ಟಿಯನ್ನು ಎಳೆಯುವ ಒಂದು ಟ್ರ್ಯಾಕ್ಟರ್, ಐದು ಲಾರಿ, ರಿಪೇರಿ ಸಾಮಾನು ತುಂಬಿದ ಒಂದು ಗಾಡಿ, ಮಲಗಲು ಗಾಲಿಮನೆಗಳು. ಊರು ಬದಲಿಸುವಾಗ ಕಂಬೈನನ್ನು ತಗ್ಗಾದ ಟ್ರೇಲರ್ ಮೇಲೆ ಏರಿಸುತ್ತಾರೆ. ನಲವತ್ತು ಅಡಿ ಅಗಲದ ಕತ್ತರಿ ಮೋರೆಯನ್ನು ಬಿಚ್ಚಿ ಉದ್ದುದ್ದ ಮಲಗಿಸಿ ಬೇರೆ ಗಾಡಿಗೆ ಕಟ್ಟುತ್ತಾರೆ. ರಸ್ತೆಯ ಅಗಲಕ್ಕೆ ಮೀರಿದ ಹೊರೆಯಾದ್ದರಿಂದ ಪ್ರತಿ ರಾಜ್ಯದ ಪರವಾನಗಿ ಬೇರೆ, ಮುಂದೆ ಎಚ್ಚರಿಕೆಯ ದೀಪ ಹಾಕಿಕೊಂಡು ಹೋಗುವ ಗಾಡಿ ಬೇರೆ. ಕತ್ತಲಾದ ಮೇಲೆ ಇಂಥ ಹೊರೆಯನ್ನು ಸಾಮಾನ್ಯವಾಗಿ ರಸ್ತೆಗೆ ಬಿಡುವುದಿಲ್ಲ. ಸೇತುವೆ ಕಿರಿದೇ, ವಿದ್ಯುತ್ ತಂತಿ ತಗ್ಗೇ ಎಂದು ನಕ್ಷೆ ಹಿಡಿದು ಕೂರುವುದೇ ಒಂದು ಉದ್ಯೋಗ.

ಕೊಯ್ಲಿನ ದಿನ ಬೆಳಿಗ್ಗೆ ಎದ್ದೊಡನೆ ಯಾರೂ ಯಂತ್ರ ಓಡಿಸುವುದಿಲ್ಲ. ಇಬ್ಬನಿ ಆರಬೇಕು. ಅಷ್ಟು ಹೊತ್ತು ಗ್ರೀಸ್ ಹಾಕುವುದು, ಸೋಸುಕಗಳಲ್ಲಿ ಕೂತ ಹೊಟ್ಟನ್ನು ಗಾಳಿ ಊದಿ ತೆಗೆಯುವುದು, ಕತ್ತರಿಯ ಹಲ್ಲು ನೋಡುವುದು. ಹತ್ತು, ಹನ್ನೊಂದು ಗಂಟೆಗೆ ಒಂದು ಕಂಬೈನ್ ಸ್ವಲ್ಪ ಕೊಯ್ದು ತರುತ್ತದೆ. ಆ ಕಾಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಊರಿನ ಧಾನ್ಯ ಗೋದಾಮಿಗೆ ಓಡುತ್ತಾರೆ. ತೇವಾಂಶ ಶೇಕಡಾ 13.5 ದಾಟಿದರೆ ಸಾಮಾನ್ಯವಾಗಿ ದರ ಕಡಿತ. ಮಾಲೀಕನ ಫೋನ್ ಬರುವವರೆಗೆ ಉಳಿದವರೆಲ್ಲ ಗಾಲಿಯ ನೆರಳಿನಲ್ಲಿ ಕುಳಿತಿರುತ್ತೇವೆ. ಫೋನ್ ಬಂತೆಂದರೆ ಮುಗಿಯಿತು, ರಾತ್ರಿ ಹುಲ್ಲು ಮತ್ತೆ ತೇವಕ್ಕೆ ಮೆತ್ತಗಾಗಿ ಯಂತ್ರ ಮುಕ್ಕಿರಿಯುವವರೆಗೆ ಓಟ. ಹನ್ನೊಂದೋ, ನಡುರಾತ್ರಿಯೋ, ಹೇಳಲಾಗದು.

ಬಾಡಿಗೆ ಮೂರು ತುಂಡಿನದು. ಎಕರೆಗೆ ಇಷ್ಟು ಡಾಲರ್. ಎಕರೆಗೆ 20 ಬುಶೆಲ್ ಮೀರಿದ ಇಳುವರಿಗೆ ಬುಶೆಲ್‌ಗೆ ಇಷ್ಟು ಸೆಂಟ್ (ನೂರು ಸೆಂಟ್ ಸೇರಿದರೆ ಒಂದು ಡಾಲರ್). ಗೋದಾಮಿಗೆ ಸಾಗಿಸಿದ್ದಕ್ಕೆ ಬುಶೆಲ್‌ಗೆ ಮತ್ತೆ ಇಷ್ಟು ಸೆಂಟ್. ಗೋಧಿಯ ಒಂದು ಬುಶೆಲ್ ಎಂದರೆ 60 ಪೌಂಡ್, ನಮ್ಮ 27 ಕೆಜಿ ಚಿಲ್ಲರೆ. ಮೂರೂ ಅಂಕಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಆದ್ದರಿಂದ ಮಾತಿನಲ್ಲಿ ಒಂದೇ ಉಸಿರಿಗೆ «ಇಪ್ಪತ್ತೈದು ಇಪ್ಪತ್ತೈದು ಇಪ್ಪತ್ತೈದು» ಎನ್ನುತ್ತಾರೆ. ಲೆಕ್ಕ ಸುಲಭವಾಗಲೆಂದು ಆ ಅಂಕಿಯನ್ನೇ ಹಿಡಿಯಿರಿ. ಎಕರೆಗೆ 60 ಬುಶೆಲ್ ಬಂದರೆ ಕೊಯ್ಲಿಗೆ 25 ಡಾಲರ್, 20ರ ಮೇಲಿನ 40 ಬುಶೆಲ್‌ಗೆ 10 ಡಾಲರ್, ಸಾಗಣೆಗೆ 15 ಡಾಲರ್. ಒಟ್ಟು 50. ಡೀಸೆಲ್ ದರ ಏರಿದರೆ ಅದರ ಮೇಲೊಂದಿಷ್ಟು.

ಇದರ ಒಳಮರ್ಮ ನೋಡಿ. ತೊಟ್ಟಿಗೆ ಬಿದ್ದ ಕಾಳಿಗೆ ಮಾತ್ರ ಯಂತ್ರದವನಿಗೆ ಸೆಂಟು. ಹಿಂದೆ ಚೆಲ್ಲಿದರೆ ರೈತನ ಜೊತೆಗೆ ಅವನ ಕಾಸೂ ಹೋಯಿತು. ನಿಮ್ಮ ಎರಡು ಗದ್ದೆಗಳ ಕಥೆಗೆ ಉತ್ತರ ಇಲ್ಲಿದೆ ಎಂದು ನನ್ನ ಭಾವನೆ.

ಪಟೇಲರ ಕಣ:

ಜೋಳದ ಮೋರೆ ಎಂದರೇನು ಸ್ವಾಮಿ?

ಗೋಧಿ ಬಯಲು (ಕ್ಯಾನ್ಸಸ್):

ಕಂಬೈನ್‌ನ ಮುಂಭಾಗ. ಗೋಧಿಗೆ ಉದ್ದನೆಯ ಕತ್ತರಿ, ಮೆಕ್ಕೆಜೋಳಕ್ಕೆ ದಂಟಿನಿಂದ ತೆನೆ ಕಿತ್ತುಕೊಳ್ಳುವ ಚೂಪು ಮೂತಿಗಳ ಸಾಲು. ಹಿಂದಿನ ಯಂತ್ರ ಅದೇ, ಮುಂಭಾಗ ಬದಲಿಸುತ್ತಾರೆ.

ಮಾಳವದ ಕನ್ನಡಿಗ:

ಅಮೆರಿಕ ದೂರವಾಯಿತು. ಹತ್ತಿರದ್ದನ್ನು ಹೇಳುತ್ತೇನೆ. ಬ್ಯಾಂಕಿನ ಕೆಲಸದ ಮೇಲೆ ಮಧ್ಯಪ್ರದೇಶದ ನರ್ಮದಾ ಬಯಲಿನಲ್ಲಿ ವರ್ಷಗಳಿಂದ ಇದ್ದೇನೆ. ಇಲ್ಲಿ ಗೋಧಿ ಮಾರ್ಚ್ ನಡುವಿನಲ್ಲಿ ಕಟಾವಿಗೆ ಬರುತ್ತದೆ, ಪಂಜಾಬಿನದು ಏಪ್ರಿಲ್‌ನಲ್ಲಿ, ಬೈಸಾಖಿಯ ಸುತ್ತಮುತ್ತ. ಈ ಮೂರು ನಾಲ್ಕು ವಾರಗಳ ಅಂತರವೇ ಪಂಜಾಬಿ ತಂಡಗಳ ಬಂಡವಾಳ. ಹೋಳಿ ಹಬ್ಬದ ಹೊತ್ತಿಗೆ ಹೆದ್ದಾರಿಯಲ್ಲಿ ಕಂಬೈನ್‌ಗಳ ಸಾಲು ಕಾಣುತ್ತದೆ. ಕತ್ತರಿಯನ್ನು ಬಿಚ್ಚಿ ಚಿಕ್ಕ ಟ್ರಾಲಿಯ ಮೇಲಿಟ್ಟು ಬಾಲದ ಹಾಗೆ ಹಿಂದೆ ಕಟ್ಟಿರುತ್ತಾರೆ. ಬಹಳಷ್ಟು ಮಂದಿ ಟ್ರೇಲರ್ ಬಳಸುವುದಿಲ್ಲ, ಯಂತ್ರವನ್ನೇ ಅದರ ಚಕ್ರದ ಮೇಲೆ ನೂರಾರು ಕಿಲೋಮೀಟರ್ ಓಡಿಸಿಕೊಂಡು ಬರುತ್ತಾರೆ. ಛಾವಣಿಯ ಮೇಲೆ ಹಾಸಿಗೆ, ಹಿಟ್ಟಿನ ಮೂಟೆ, ಒಲೆ.

ಇಲ್ಲಿಯ ಕೊಯ್ಲು ಮುಗಿಸಿಕೊಂಡು ಉತ್ತರಕ್ಕೆ ಸರಿಯುತ್ತಾ ತಮ್ಮ ಊರಿನ ಗೋಧಿಗೆ ಸರಿಯಾಗಿ ಮನೆ ಸೇರುತ್ತಾರೆ. ಪಟಿಯಾಲಾ ಜಿಲ್ಲೆಯ ನಾಭಾ, ಭಾದಸೋಂ ಊರುಗಳು ಕಂಬೈನ್ ತಯಾರಿಕೆಗೆ ಹೆಸರಾದವು. ಬಿಡಿಭಾಗ ಬೇಕಾದರೆ ಒಂದು ಫೋನ್, ರಾತ್ರಿ ಬಸ್ಸಿನಲ್ಲಿ ಬಂದುಬಿಡುತ್ತದೆ. ಎಡದಂಡೆ ಅವರೇ, ಯಂತ್ರ ಕೊಳ್ಳುವ ಮೊದಲು ಈ ಬಿಡಿಭಾಗದ ದಾರಿಯನ್ನು ವಿಚಾರಿಸಿಕೊಳ್ಳಿ. ಸಾಲ ಮರುಪಾವತಿ ತಪ್ಪಿದ ಯಂತ್ರಗಳನ್ನು ನೋಡಿದ್ದೇನೆ. ಹೆಚ್ಚಿನವು ಬಾಡಿಗೆ ಸಿಗದೆ ಸೋತವಲ್ಲ, ಕೊಯ್ಲಿನ ನಡುವೆ ಒಂದು ಬೇರಿಂಗ್ ಸಿಗದೆ ನಾಲ್ಕು ದಿನ ನಿಂತು ಸೋತವು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಈ ತಂಡಗಳು ಅರ್ಧ ದಾರಿಯಲ್ಲಿದ್ದವು. ಗೋಧಿ ಒಣಗಿ ನಿಂತಿತ್ತು, ಗಡಿಗಳಲ್ಲಿ ಪೊಲೀಸರು. ಕೇಂದ್ರ ಗೃಹ ಸಚಿವಾಲಯ ಮಾರ್ಚ್ 27ರಂದು ಕಂಬೈನ್‌ನಂಥ ಕಟಾವು ಯಂತ್ರಗಳ ಅಂತರರಾಜ್ಯ ಓಡಾಟಕ್ಕೆ ವಿನಾಯಿತಿ ಕೊಟ್ಟಿತು. ಆದೇಶ ಬಂದರೂ ಪ್ರತಿ ತಡೆಗಟ್ಟೆಯಲ್ಲಿ ಅದನ್ನು ಮೊಬೈಲ್‌ನಲ್ಲಿ ತೋರಿಸಿ ವಾದ ಮಾಡಬೇಕಾಗಿತ್ತು. ಈ ದೇಶದ ರೊಟ್ಟಿ ಎಂಥ ಜನರ ಓಡಾಟದ ಮೇಲೆ ನಿಂತಿದೆ ಎಂಬುದು ಪಟ್ಟಣದವರಿಗೆ ಆಗಲಾದರೂ ಗೊತ್ತಾಯಿತೋ ಇಲ್ಲವೋ.

ಚಾಲಕನ ಸೀಟು:

ಎಲ್ಲರೂ ಮಾಲೀಕರ ಲೆಕ್ಕವನ್ನೇ ಹೇಳುತ್ತಿದ್ದೀರಿ. ನಾನು ಗಂಗಾವತಿ, ಸಿರುಗುಪ್ಪ, ದಾವಣಗೆರೆ ಕಡೆಯಲ್ಲೆಲ್ಲ ಯಂತ್ರ ಓಡಿಸಿದವನು. ಗಂಟೆಗೆ ಎಷ್ಟು, ಎಕರೆಗೆ ಎಷ್ಟು ಎಂಬುದು ಮಾಲೀಕರಿಗೂ ಏಜೆಂಟರಿಗೂ ಸೇರಿದ್ದು. ನನಗೆ ತಿಂಗಳ ಸಂಬಳ, ಮೇಲೆ ಬಾಟಾ, ಅಂದರೆ ಭತ್ಯೆ. ಆ ಬಾಟಾ ಗಂಟೆ ಮೀಟರ್ ನೋಡಿ ಕೊಟ್ಟರೆ ನಾನು ನಿಧಾನವಾಗುತ್ತೇನೆ, ಎಕರೆ ನೋಡಿ ಕೊಟ್ಟರೆ ಓಡಿಸುತ್ತೇನೆ. ಬದುವಿನ ಬಳಿ ಅರ್ಧ ಬಾಡಿಗೆ ಮುಗಿಸಿದ ಎಂದು ಬರೆದಿದ್ದೀರಲ್ಲ, ಆ ಗದ್ದೆಗಳು ಎಷ್ಟಗಲ ಇದ್ದವು ಎಂದು ಬರೆಯಲಿಲ್ಲ. ಹತ್ತು ಗುಂಟೆಯ ಮಡಿಯಲ್ಲಿ ತಿರುಗಿಸದೆ ಆಕಾಶಕ್ಕೆ ಹಾರಿಸಲು ಆಗುತ್ತದೆಯೇ? ಹಿಂದಿನ ದಿನ ನೀರು ಬಸಿಯದೆ ಬಿಟ್ಟ ಗದ್ದೆಯಲ್ಲಿ ಯಂತ್ರದ ಪಟ್ಟಾ (ಚಕ್ರದ ಬದಲು ಇರುವ ರಬ್ಬರ್ ಪಟ್ಟಿ) ಹೂತರೆ ಅದನ್ನು ಎಳೆಯುವ ಗಂಟೆಯನ್ನು ಯಾರ ಖಾತೆಗೆ ಬರೆಯಬೇಕು?

ಕ್ಯಾನ್ಸಸ್ ಅಣ್ಣಾವರಿಗೆ ಒಂದು ಪ್ರಶ್ನೆ. ಆ ಮೂರು ತುಂಡಿನ ಬಾಡಿಗೆಯಲ್ಲಿ ಚಾಲಕನಿಗೆ ಯಾವ ತುಂಡು?

ಎಡದಂಡೆ ಕಾಲುವೆ (ಸಿಂಧನೂರು ತಾಲ್ಲೂಕು):

ಚಾಲಕರೇ, ನಮ್ಮ ಮಡಿಗಳು ಚಿಕ್ಕವು ಎಂಬುದು ನಿಜ. ಆದರೆ ಮೊಬೈಲ್‌ನಲ್ಲಿ ಮಾತಾಡುತ್ತಾ ಯಂತ್ರವನ್ನು ಸುಮ್ಮನೆ ಗುರ್‌ಗುಟ್ಟಿಸಿದ್ದೂ ನಿಜ. ಮೀಟರ್ ಓಡುತ್ತಿತ್ತು.

ಗೋಧಿ ಬಯಲು (ಕ್ಯಾನ್ಸಸ್):

ಚಾಲಕನ ಸೀಟಿನವರೇ, ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಯಾವ ತುಂಡೂ ಇಲ್ಲ. ತಿಂಗಳ ಸಂಬಳ, ಊಟ, ಮಲಗಲು ಜಾಗ. ಹಂಗಾಮಿನ ಕೊನೆಯವರೆಗೆ ಉಳಿದರೆ ಕೆಲವು ಮಾಲೀಕರು ಒಂದು ಗಂಟು ಕೊಡುತ್ತಾರೆ. ಉಳಿಯುವುದೇ ಕಷ್ಟ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಆ ಗಂಟು ಹುಟ್ಟಿಕೊಂಡಿದೆ. ಸ್ಥಳೀಯ ಹುಡುಗರು ಸಾಲದೆ ದಕ್ಷಿಣ ಆಫ್ರಿಕಾ, ಐರ್ಲೆಂಡ್, ಬ್ರಿಟನ್, ಆಸ್ಟ್ರೇಲಿಯಾ ಕಡೆಯಿಂದ ತಾತ್ಕಾಲಿಕ ವೀಸಾದ ಮೇಲೆ ಬರುತ್ತಾರೆ. ನನ್ನ ಗಾಲಿಮನೆಯಲ್ಲಿ ಇದ್ದವರೆಲ್ಲ ದಕ್ಷಿಣ ಆಫ್ರಿಕಾದ ರೈತರ ಮಕ್ಕಳು. ತಮ್ಮ ಊರಿನಲ್ಲಿ ಚಳಿಗಾಲ, ಇಲ್ಲಿ ದುಡಿಮೆ.

ಆದರೂ ಕಾಳು ಚೆಲ್ಲುವುದರ ಮೇಲೆ ಕಣ್ಣಿಡಲು ಒಂದು ಕ್ರಮವಿತ್ತು. ನಮ್ಮ ಮಾಲೀಕ ಅರವತ್ತು ದಾಟಿದವರು. ದಿನಕ್ಕೆ ಎರಡು ಸಲವಾದರೂ ಕಂಬೈನ್ ಹಿಂದೆ ಬಂದು ಮಂಡಿಯೂರುತ್ತಿದ್ದರು. ಒಂದು ಅಡಿ ಉದ್ದಗಲದ ತಂತಿಯ ಚೌಕವನ್ನು ನೆಲಕ್ಕಿಟ್ಟು, ಹೊಟ್ಟನ್ನು ಅಂಗೈಯಿಂದ ಮೆಲ್ಲಗೆ ಸರಿಸಿ, ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಬದಿಗೆ ತಳ್ಳುತ್ತಾ ಎಣಿಸುತ್ತಿದ್ದರು. ಚದರ ಅಡಿಗೆ ಇಪ್ಪತ್ತು ಗೋಧಿ ಕಾಳು ಸಿಕ್ಕರೆ ಎಕರೆಗೆ ಒಂದು ಬುಶೆಲ್ ಮಣ್ಣುಪಾಲು. ಎದ್ದು ನಿಂತು ಬೆರಳಿನಲ್ಲಿ ಅಂಕಿ ತೋರಿಸುತ್ತಿದ್ದರು, ಮಾತಿಲ್ಲ. ಚಾಲಕ ವೇಗ ಇಳಿಸಬೇಕೋ, ಗಾಳಿ ಕಡಿಮೆ ಮಾಡಬೇಕೋ, ಜರಡಿ ತೆರೆಯಬೇಕೋ ತಾನೇ ನೋಡಿಕೊಳ್ಳಬೇಕು.

ಜವೆಗೋಧಿ (ಬೈಲಹೊಂಗಲ):

ನಾನು ಬೇರೆಯದೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಷ್ಟು ಗಂಡಸರು ತಿಂಗಳುಗಟ್ಟಲೆ ದಾರಿಯಲ್ಲಿದ್ದರೆ ಅಡುಗೆ ಯಾರದು? ಬಟ್ಟೆ ಯಾರು ಒಗೆಯುತ್ತಾರೆ? ಮನೆಯವರು ಊರಿನಲ್ಲೇ ಇರುತ್ತಾರೆಯೇ?

ನಮ್ಮ ಕಡೆಯ ಜವೆ ಗೋಧಿಯನ್ನು ಈ ಕಂಬೈನ್‌ಗಳಿಗೆ ಕೊಟ್ಟು ನೋಡಿದರೆ ತೆನೆ ಮುರಿಯುತ್ತದೆಯೇ ಹೊರತು ಕಾಳಿನ ಸಿಪ್ಪೆ ಬಿಡುವುದಿಲ್ಲ. ಆಮೇಲೆ ಗಿರಣಿಯಲ್ಲಿ ಸಿಪ್ಪೆ ಬಿಡಿಸಲೇಬೇಕು. ಹಾಗಾಗಿ ಯಂತ್ರ ಬಂದರೂ ನಮ್ಮ ಕೆಲಸ ಅರ್ಧ ಉಳಿದೇ ಇರುತ್ತದೆ.

ಗೋಧಿ ಬಯಲು (ಕ್ಯಾನ್ಸಸ್):

ಅಕ್ಕ, ಒಳ್ಳೆಯ ಪ್ರಶ್ನೆ. ಬಹುಪಾಲು ತಂಡಗಳು ಕುಟುಂಬದ ಉದ್ಯಮ. ಅಜ್ಜ ಶುರುಮಾಡಿದ್ದು, ಮಗ ನಡೆಸುವುದು, ಮೊಮ್ಮಕ್ಕಳು ಶಾಲೆಗೆ ರಜೆ ಸಿಕ್ಕ ಮರುದಿನವೇ ಬಂದು ಸೇರುವುದು. ನಮ್ಮ ತಂಡದ ಯಜಮಾನಿ ಅಡುಗೆ ಮಾಡುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು, ಮುಂದಿನ ರಾಜ್ಯದ ಪರವಾನಗಿ ತರಿಸುತ್ತಿದ್ದರು, ಲಾರಿಯವನಿಗೆ ಹುಷಾರಿಲ್ಲದ ದಿನ ಲಾರಿಯನ್ನೂ ಓಡಿಸುತ್ತಿದ್ದರು. ಬಾಡಿಗೆಯ ಮಾತುಕತೆಗೆ ಮಾತ್ರ ಗಂಡನ ಹೆಸರು. ಇದು ನಿಮಗೆ ಹೊಸದಲ್ಲ ಎಂದುಕೊಳ್ಳುತ್ತೇನೆ.

ಮಧ್ಯಾಹ್ನ ಕೈಯಲ್ಲಿ ಹಿಡಿದು ತಿನ್ನುವ ಬ್ರೆಡ್ಡು. ಸಂಜೆ ಬಿಸಿ ಊಟ ಹೊಲಕ್ಕೇ ಬರುತ್ತದೆ, ಗಾಡಿಯ ಹಿಂಬಾಗಿಲನ್ನು ಇಳಿಸಿ ಅದರ ಮೇಲೆ ಪಾತ್ರೆ ಸಾಲಿಡುತ್ತಾರೆ. ಒಬ್ಬೊಬ್ಬರೇ ಯಂತ್ರ ಇಳಿದು ಬಂದು ತಿಂದು ಹೋಗುವುದು, ಎಲ್ಲ ಯಂತ್ರಗಳನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಆ ತಾಯಿಗೆ ನಿಜವಾಗಿಯೂ ಚಿಂತೆಯಾಯಿತು. ಆಲೂಗಡ್ಡೆ, ಮೆಕ್ಕೆಜೋಳ, ಹುರುಳಿಕಾಯಿ ನನ್ನ ಪಾಲಿಗೆ. ತಮಾಷೆ ಎಂದರೆ, ಲಾರಿಗಟ್ಟಲೆ ಗೋಧಿಯ ನಡುವೆ ಇದ್ದು ಒಂದು ಚಪಾತಿ ಸಿಗದೆ ಹಂಗಾಮು ಕಳೆದೆ.

ಬಟ್ಟೆ ಒಗೆಯುವುದಕ್ಕೆ ಮಳೆ ಬರಬೇಕು! ಮಳೆಯಾದರೆ ಕೊಯ್ಲು ನಿಲ್ಲುತ್ತದೆ, ಆಗ ಎಲ್ಲ ತಂಡಗಳೂ ಊರಿನ ನಾಣ್ಯ ಹಾಕುವ ಬಟ್ಟೆ ಯಂತ್ರಗಳ ಮುಂದೆ ಸೇರುತ್ತವೆ. ಯಾವ ಊರಿನಲ್ಲಿ ಇಳುವರಿ ಹೇಗಿದೆ, ಯಾರ ಹುಡುಗ ಕೈ ಕೊಟ್ಟು ಹೋದ ಎಂಬ ಸುದ್ದಿಯೆಲ್ಲ ಅಲ್ಲೇ.

ಹೊಟ್ಟು ತೂರುವವ:

ಕೃಷಿ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು ನಾನು. ಅಮೆರಿಕದ ಈ ಅಲೆದಾಟದ ಕೊಯ್ಲಿಗೆ ಬಲ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ ಎಂಬುದನ್ನು ಸೇರಿಸುತ್ತೇನೆ. ಅದಕ್ಕೆ ಮೊದಲು ಕಂಬೈನ್ ಎಂದರೆ ಬಹುತೇಕ ಟ್ರ್ಯಾಕ್ಟರ್ ಹಿಂದೆ ಎಳೆಯುವಂಥದ್ದು. ಹೊಲ ಹೊಗುವಾಗಲೇ ಟ್ರ್ಯಾಕ್ಟರ್ ಒಂದು ಪಟ್ಟಿ ಬೆಳೆಯನ್ನು ತುಳಿಯುತ್ತಿತ್ತು. ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿ ತನ್ನ ಎಂಜಿನ್‌ನಿಂದ ತಾನೇ ಓಡುವ 21ನೆಯ ಮಾದರಿಯನ್ನು ತಂದಿತ್ತು. ಯುದ್ಧಕಾಲದಲ್ಲಿ ಉಕ್ಕಿಗೆ ಪಡಿತರ. ಕಂಪನಿ ಅಮೆರಿಕ ಸರ್ಕಾರದ ಮುಂದೆ ಒಂದು ಲೆಕ್ಕ ಇಟ್ಟಿತು: ಹೆಚ್ಚುವರಿಯಾಗಿ 500 ಯಂತ್ರ ಮಾಡಲು ಉಕ್ಕು ಕೊಡಿ, ಕೊಳ್ಳುವ ಪ್ರತಿಯೊಬ್ಬನೂ ಕನಿಷ್ಠ 2,000 ಎಕರೆ ಕೊಯ್ಯುವಂತೆ ಬರೆಸಿಕೊಳ್ಳುತ್ತೇವೆ. 1944ರಲ್ಲಿ ಆ ಯಂತ್ರಗಳು ದಕ್ಷಿಣದಿಂದ ಕೆನಡಾ ಗಡಿಯವರೆಗೆ ನಡೆದು ಹತ್ತು ಲಕ್ಷಕ್ಕೂ ಹೆಚ್ಚು ಎಕರೆ ಕೊಯ್ದವು. ಯುದ್ಧ ಮುಗಿದ ಮೇಲೆ ಯಂತ್ರ ಉಳಿಯಿತು, ದಾರಿ ಗೊತ್ತಿತ್ತು, ಉದ್ಯೋಗವೂ ಉಳಿಯಿತು.

ಕರ್ನಾಟಕದಲ್ಲಿ ರೈತರಿಗೆ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳನ್ನು 2014-15ರಲ್ಲಿ ತೆರೆದಾಗ ನನಗೆ ನೆನಪಾದದ್ದು ಆ 2,000 ಎಕರೆಯ ಮಾತು. ಇಲ್ಲಿ ಹೋಬಳಿಗೆ ಯಂತ್ರ ಕೊಟ್ಟೆವು, ಯಂತ್ರ ವರ್ಷದಲ್ಲಿ ಎಷ್ಟು ದಿನ ಓಡಬೇಕು ಎಂಬ ಹಟ ಹಿಡಿಯಲಿಲ್ಲ. ಒಂದೇ ಹೋಬಳಿಯ ಬೆಳೆಯೆಲ್ಲ ಒಂದೇ ವಾರದಲ್ಲಿ ಮಾಗುತ್ತದೆ. ಆ ವಾರ ಯಂತ್ರ ಎಲ್ಲರಿಗೂ ಸಾಲದು, ಉಳಿದ ವಾರ ಯಾರಿಗೂ ಬೇಡ. ಯಂತ್ರ ಅಲೆದರೆ ಮಾತ್ರ ಅದರ ಅಸಲು ಹುಟ್ಟುತ್ತದೆ.

ಮಾಳವದ ಕನ್ನಡಿಗ:

ಹಟ ಹಿಡಿಯಲಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಅಲೆದಾಟಕ್ಕೆ ಮನೆಯ ಜನ ಬೇಕು ಸರ್. ಪಂಜಾಬಿನ ತಂಡಗಳಲ್ಲಿ ಅಣ್ಣ ಚಾಲಕ, ತಮ್ಮ ಮೆಕ್ಯಾನಿಕ್, ಭಾವಮೈದುನ ವಸೂಲಿ. ಸರ್ಕಾರಿ ಕೇಂದ್ರದ ನೌಕರ ಮಾರ್ಚ್ ಬಿಸಿಲಿನಲ್ಲಿ ಹೊಲದ ಬದಿಯಲ್ಲಿ ಮಲಗಿ ವಸೂಲಿ ಮಾಡಿಕೊಂಡು ಬರುವುದುಂಟೇ?

ವಸೂಲಿ ಎಂದಾಗ ನೆನಪಾಯಿತು. ಇಲ್ಲಿ ಏಜೆಂಟನೊಬ್ಬ ಪಂಜಾಬಿ ತಂಡಕ್ಕೆ ಹಳ್ಳಿಯ ಎಕರೆಗಳನ್ನು ಗೊತ್ತು ಮಾಡಿಕೊಡುತ್ತಾನೆ, ಎಕರೆಗೆ ಇಷ್ಟೆಂದು ಅವನ ಪಾಲು. ಊರಿಗೆ ಹೊಸಬರಾದರೆ ಏಜೆಂಟ್ ಇಲ್ಲದೆ ಹೊಲವೂ ಸಿಗದು, ಹಣವೂ ಬಾರದು. ಹಳೆಯ ತಂಡಗಳು ಪ್ರತಿ ವರ್ಷ ಅದೇ ಹಳ್ಳಿಗೆ ಬರುವುದು ಇದಕ್ಕೇ.

ಗೋಧಿ ಬಯಲು (ಕ್ಯಾನ್ಸಸ್):

ಅದೇ ಇಲ್ಲಿಯೂ. ಕೆಲವು ರೈತ ಮನೆತನಗಳಿಗೆ ಒಂದೇ ತಂಡ ಎರಡು ಮೂರು ತಲೆಮಾರಿನಿಂದ ಬರುತ್ತಿದೆ. ಬರುವ ದಾರಿಯಲ್ಲಿ ಎಲ್ಲಿ ಎಷ್ಟು ಎಕರೆ ಎಂದು ಚಳಿಗಾಲದಲ್ಲೇ ಮಾತಾಗಿರುತ್ತದೆ. ಮಾತು ಮಾತ್ರ, ಕಾಗದ ಕಡಿಮೆ.

ಆದರೆ ಬೆಳೆ ಮಾತು ಕೊಟ್ಟಿರುವುದಿಲ್ಲ. ಆಲಿಕಲ್ಲು ಹತ್ತು ನಿಮಿಷ ಸುರಿದರೆ ಆ ಊರಿನ ಕೊಯ್ಲೇ ಹೋಯಿತು. 2023ರಲ್ಲಿ ಕ್ಯಾನ್ಸಸ್ ಬರಕ್ಕೆ ಸಿಕ್ಕಿ ಬಹಳ ರೈತರು ಗೋಧಿಯನ್ನು ಕೊಯ್ಯದೆಯೇ ಹೊಲ ಬಿಟ್ಟರು. ಕೊಯ್ದ ಕಡೆ ಪೈರು ಎಷ್ಟು ಗಿಡ್ಡವೆಂದರೆ ಕತ್ತರಿಯನ್ನು ನೆಲಕ್ಕೆ ತಾಗಿಸಿಕೊಂಡೇ ಓಡಿಸಬೇಕು. ಅಂಥ ವರ್ಷ ಬಾಡಿಗೆಯ ಎರಡನೆಯ ತುಂಡು ಸೊನ್ನೆ, ಮೂರನೆಯದು ಚಿಲ್ಲರೆ. ಯಂತ್ರದ ಕಂತು ಮಾತ್ರ ಪೂರ್ತಿ. ಹೊಸ ಕಂಬೈನ್‌ಗೆ ಈಗ ಐದು ಲಕ್ಷ ಡಾಲರ್ ಮೀರುತ್ತದೆ, ಮೋರೆಯ ಬೆಲೆ ಬೇರೆ.

ಮಳೆಯಾದರೆ ಇನ್ನೊಂದು ಕಾಟ. ಮಾಗಿದ ಗೋಧಿ ನೆನೆದು ಒಣಗಿದರೆ ಕಾಳು ಉಬ್ಬಿ ಹಾಗೆಯೇ ಉಳಿದು ಅದೇ ಅಳತೆಗೆ ತೂಕ ಕಡಿಮೆ ಬರುತ್ತದೆ. ಗೋದಾಮಿನವರು ಅದಕ್ಕೂ ದರ ಕಡಿಯುತ್ತಾರೆ. ರೈತ ಆಕಾಶವನ್ನು ಬೈಯುವ ಬದಲು ನಿಧಾನವಾಯಿತೆಂದು ತಂಡವನ್ನು ಬೈಯುತ್ತಾನೆ.

ಇನ್ನು ಗೋಧಿಯ ನೆಲವೇ ಕುಗ್ಗಿದೆ. ಅಮೆರಿಕದಲ್ಲಿ ಗೋಧಿ ಬಿತ್ತನೆ 1981ರಲ್ಲಿ 8.8 ಕೋಟಿ ಎಕರೆ ಮುಟ್ಟಿತ್ತು, ಈಗ ಐದು ಕೋಟಿಯ ಕೆಳಗೆ. ಮೆಕ್ಕೆಜೋಳ, ಸೋಯಾ ಆ ಜಾಗ ಹಿಡಿದಿವೆ. ತಂಡಗಳು ಕಡಿಮೆಯಾಗುತ್ತಿವೆ ಎಂದು ನಮ್ಮ ಮಾಲೀಕರು ಹೇಳುತ್ತಿದ್ದದ್ದಕ್ಕೆ ಇದೂ ಒಂದು ಕಾರಣ.

ಪಟೇಲರ ಕಣ:

ಅಲ್ಲಿಗೆ, ಮೂರು ತುಂಡಿನ ಬಾಡಿಗೆ ಎಂದರೆ ರೈತನ ನಷ್ಟದಲ್ಲಿ ಯಂತ್ರದವನಿಗೂ ಪಾಲು. ಒಳ್ಳೆಯ ಧರ್ಮವೇ. ಆದರೆ ಸಿಂಧನೂರಿನಲ್ಲಿ ಒಪ್ಪುವ ಯಂತ್ರದವನನ್ನು ತೋರಿಸಿ.

ಹೊಟ್ಟು ತೂರುವವ:

ಒಪ್ಪಿದರೂ ನಡೆಯದು ಎಂದು ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ಲಾರಿಯೂ ಗೋದಾಮಿನ ತೂಕದ ಸೇತುವೆ ಹತ್ತುತ್ತದೆ. ಚೀಟಿ ರೈತನಿಗೂ ತಂಡಕ್ಕೂ ಸಿಗುತ್ತದೆ. ನಮ್ಮಲ್ಲಿ ಭತ್ತ ಗದ್ದೆಯಿಂದ ರಸ್ತೆಯ ಮೇಲಿನ ತಾಡಪಾಲಿಗೆ, ಅಲ್ಲಿಂದ ವ್ಯಾಪಾರಿಯ ಲಾರಿಗೆ. ಹಸಿ ಭತ್ತ ಎಷ್ಟು, ಒಣಗಿದ್ದು ಎಷ್ಟು, ಮನೆಗೆ ಇಟ್ಟುಕೊಂಡದ್ದು ಎಷ್ಟು? ಇಳುವರಿಯ ಮೇಲೆ ಬಾಡಿಗೆ ಕಟ್ಟಿದರೆ ರೈತ ಚೀಲ ಮುಚ್ಚಿಡುತ್ತಾನೆ, ಯಂತ್ರದವನು ಚೀಲ ಹೆಚ್ಚಿಸುತ್ತಾನೆ. ಪಂಚಾಯಿತಿ ಮುಗಿಯುವ ಹೊತ್ತಿಗೆ ಬೇಸಿಗೆ ಬೆಳೆ ಬಂದಿರುತ್ತದೆ. ತೂಕ ನಂಬುವಂತಿದ್ದರೆ ಮಾತ್ರ ರಾಶಿಯ ಮೇಲಿನ ಬಾಡಿಗೆ ನಡೆಯುತ್ತದೆ.

ಚಾಲಕನ ಸೀಟು:

ನಿವೃತ್ತ ಸಾಹೇಬರು ಸರಿಯಾಗಿ ಹೇಳಿದರು. ನನ್ನದು ಒಂದು ಸಲಹೆ. ಎಕರೆ ಲೆಕ್ಕವೇ ಇರಲಿ, ಚೆಲ್ಲಿದ್ದನ್ನು ಎಣಿಸಿ. ಕ್ಯಾನ್ಸಸ್ ಅಣ್ಣ ಹೇಳಿದ ತಂತಿಯ ಚೌಕ ಇಟ್ಟು, ಇಂತಿಷ್ಟು ಕಾಳಿಗಿಂತ ಕಡಿಮೆಯಾದರೆ ಚಾಲಕನ ಕೈಗೆ ನೇರವಾಗಿ ಬಾಟಾ, ಮಾಲೀಕನ ಮೂಲಕ ಅಲ್ಲ. ನಾನು ನಿಧಾನ ಓಡಿಸಿದರೆ ಮಾಲೀಕನಿಗೆ ಸಿಟ್ಟು, ಬೇಗ ಓಡಿಸಿದರೆ ನಿಮಗೆ ಸಿಟ್ಟು. ನಡುವಿನ ವೇಗಕ್ಕೆ ಬೆಲೆ ಕಟ್ಟಿದವರನ್ನು ನಾನು ಇನ್ನೂ ನೋಡಿಲ್ಲ. ಜೊತೆಗೆ ರಾತ್ರಿ ಕೊಯ್ಲು ಮಾಡಿಸಬೇಡಿ. ಮಂಜು ಬಿದ್ದ ಹುಲ್ಲಿನಲ್ಲಿ ಕಾಳು ಬಿಡುವುದಿಲ್ಲ, ಹುಲ್ಲಿನ ಜೊತೆ ಹಿಂದೆ ಹೋಗುತ್ತದೆ.

ಮಾಳವದ ಕನ್ನಡಿಗ:

ರಾತ್ರಿಯ ಮಾತು ಸರಿ. ಪಂಜಾಬಿನ ಜಿಲ್ಲಾಡಳಿತಗಳು ಕೊಯ್ಲಿನ ಕಾಲದಲ್ಲಿ ಸಂಜೆಯಿಂದ ಬೆಳಗಿನವರೆಗೆ ಕಂಬೈನ್ ಓಡಿಸುವುದನ್ನೇ ನಿಷೇಧಿಸುತ್ತವೆ, ತೇವದ ಕಾಳು ಮಂಡಿಗೆ ಬರಬಾರದೆಂದು. ಬೆಂಬಲ ಬೆಲೆಗೆ ಭತ್ತ ಕೊಡುವುದಾದರೆ ತೇವಾಂಶ ಶೇಕಡಾ 17 ಮೀರಬಾರದು ಎಂಬುದು ನಿಮಗೂ ಗೊತ್ತಲ್ಲ.

ಎಡದಂಡೆ ಕಾಲುವೆ (ಸಿಂಧನೂರು ತಾಲ್ಲೂಕು):

ಚಾಲಕರ ಸಲಹೆ ನನಗೆ ಹಿಡಿಸಿತು. ಆದರೆ ಭತ್ತಕ್ಕೆ ಎಷ್ಟು ಕಾಳು ಎಂದು ಗೆರೆ ಎಳೆಯುವುದು? ಇಪ್ಪತ್ತು ಎಂಬುದು ಗೋಧಿಯ ಲೆಕ್ಕ.

ಗೋಧಿ ಬಯಲು (ಕ್ಯಾನ್ಸಸ್):

ಒಂದು ಎಕರೆ ಎಂದರೆ 43,560 ಚದರ ಅಡಿ. ಚದರ ಅಡಿಗೆ ಒಂದೇ ಕಾಳು ಬಿದ್ದರೂ ಎಕರೆಗೆ 43,560 ಕಾಳು. ಸೋನಾ ಮಸೂರಿಯಂಥ ಸಣ್ಣ ಭತ್ತಕ್ಕೆ ಸಾವಿರ ಕಾಳಿಗೆ ಸುಮಾರು 15 ಗ್ರಾಂ ಹಿಡಿದರೆ ಅದು 650 ಗ್ರಾಂ ಆಯಿತು. ಚದರ ಅಡಿಗೆ 50 ಕಾಳಾದರೆ ಎಕರೆಗೆ 32 ಕೆಜಿಗೂ ಹೆಚ್ಚು ಹೋಯಿತು. ನಿಮ್ಮ ತಳಿಯ ಸಾವಿರ ಕಾಳನ್ನು ಅಕ್ಕಸಾಲಿಗರ ಅಂಗಡಿಯಲ್ಲೇ ತೂಗಿಸಿ, ಅಂಕಿ ಖಚಿತವಾಗುತ್ತದೆ.

ಎಣಿಸುವಾಗ ಎರಡು ಎಚ್ಚರ. ಯಂತ್ರ ಹೋಗುವ ಮೊದಲೇ ಗಾಳಿಗೆ, ಹಕ್ಕಿಗೆ ಉದುರಿದ ಕಾಳು ನೆಲದಲ್ಲಿರುತ್ತದೆ. ನಿಂತ ಬೆಳೆಯ ಬುಡದಲ್ಲಿ ಮೊದಲು ಎಣಿಸಿ ಅದನ್ನು ಕಳೆಯಿರಿ, ಇಲ್ಲದಿದ್ದರೆ ಚಾಲಕನಿಗೆ ಅನ್ಯಾಯ. ಎರಡನೆಯದು, ಯಂತ್ರ ಅಗಲವಾಗಿ ಕೊಯ್ದು ಹುಲ್ಲನ್ನು ಕಿರಿದಾದ ಸಾಲಿನಲ್ಲಿ ಬಿಡುತ್ತದೆ. ಆ ಸಾಲಿನಲ್ಲೇ ಚೌಕ ಇಟ್ಟರೆ ಅಂಕಿ ಹೆದರಿಸುತ್ತದೆ. ಕೊಯ್ದ ಅಗಲದ ಉದ್ದಕ್ಕೂ ನಾಲ್ಕೈದು ಕಡೆ ಇಟ್ಟು ಸರಾಸರಿ ತೆಗೆಯಿರಿ.

ಚಾಲಕನ ಸೀಟು:

ಹಾಗಾದರೆ ಒಂದು ಮಾತು ಸೇರಿಸಿ. ಎಣಿಸುವಾಗ ಚಾಲಕನೂ ಪಕ್ಕದಲ್ಲಿರಬೇಕು, ಮಡಿಯ ಮೂಲೆಯಲ್ಲಿ ಎಣಿಸಬಾರದು. ಮೂಲೆಯಲ್ಲಿ ಯಂತ್ರ ತಿರುಗುವಾಗ ಯಾರು ಓಡಿಸಿದರೂ ಚೆಲ್ಲುತ್ತದೆ. ಹಳೆಯ ಯಂತ್ರ ಕೊಳ್ಳಲು ಹೋದಾಗ ಗಂಟೆ ಮೀಟರ್ ನಂಬಬೇಡಿ, ಪಟ್ಟಾದ ಒಳಗಿನ ಕಬ್ಬಿಣ ಹೊರಗೆ ಕಾಣುತ್ತಿದೆಯೇ ನೋಡಿ, ಒಕ್ಕುವ ಉರುಳೆಯ ಹಲ್ಲನ್ನು ಕೈಯಿಂದ ಮುಟ್ಟಿ ನೋಡಿ.

ಎಡದಂಡೆ ಕಾಲುವೆ (ಸಿಂಧನೂರು ತಾಲ್ಲೂಕು):

ಮುಂದಿನ ವಾರ ಒಂದು ಯಂತ್ರ ನೋಡಲು ಹೊರಟಿದ್ದೇವೆ. ಚಾಲಕರೇ, ನೀವು ಬಿಡುವಾಗಿದ್ದರೆ ಜೊತೆಗೆ ಬನ್ನಿ, ಬಾಟಾ ಕೊಡುತ್ತೇವೆ.

ಚಾಲಕನ ಸೀಟು:

ದಿನದ ಲೆಕ್ಕವೋ, ಯಂತ್ರದ ಲೆಕ್ಕವೋ?